ಇಳಿಯುವ ತಿರುಪು

ಅಡುಗೆಮನೆಯ ನೆಲಕ್ಕೆ ಹಳೆಯ ಚಾದರ ಹಾಸಿ
ನಾಳೆಯನ್ನು ಅದರ ಮೇಲೆ ಹರವಿದ್ದೇನೆ.
ತಂಗಿಯ ಮಗ ಐಲಿಫ್, ಹದಿನೇಳರ ಉದ್ದನೆಯ ಕಾಲು,
ಹಿಟ್ಟು ತೂಗುವ ತಕ್ಕಡಿ ಇಳಿಸಿಕೊಂಡು
ಒಂದೊಂದನ್ನೂ ತೂಗುತ್ತಾನೆ, ಅಕ್ಕಸಾಲಿಗನ ಹಾಗೆ.
"ಗುನ್‌ವೋರ್, ಈ ಕೋಟು ಏಳುನೂರು ಗ್ರಾಂ!"
ಆಗಲಿ. ಅದು ಹತ್ತುವವನಿಗಲ್ಲ, ನಿಂತವನಿಗೆ.
ಒಬ್ಬ ಮೇಲೆ ಐಸು ಕೆತ್ತುವಾಗ ಇನ್ನೊಬ್ಬ ಹಗ್ಗ ಹಿಡಿದು
ಮುಕ್ಕಾಲು ಗಂಟೆ ಮರದ ಹಾಗೆ ನಿಲ್ಲುತ್ತಾನಲ್ಲ,
ಬೆವರು ಆರುತ್ತ ಆರುತ್ತ ಬೆನ್ನಿಗೆ ಕಚ್ಚುತ್ತದಲ್ಲ,
ಆಗ ತಿಳಿಯುತ್ತದೆ ಬಾತುಕೋಳಿಯ ಬೆಲೆ.

ಹತ್ತಿಯ ಅಂಗಿ ಬೇಡ. ತೆಗೆ.
ಬಣ್ಣ ಚೆನ್ನಾಗಿದೆ, ಗೊತ್ತು. ತೆಗೆ.
ನೀರು ಕುಡಿದ ಹತ್ತಿ ಎದ್ದು ಹೋಗುವುದಿಲ್ಲ,
ಕುಡುಕ ನೆಂಟನ ಹಾಗೆ ಮೈಮೇಲೇ ಬಿದ್ದಿರುತ್ತದೆ.
ಮೊದಲು ಬಲೆಯ ಬನಿಯನ್ನು, ಬರೀ ತೂತು.
ನಗಬೇಡ, ತೂತಿನಲ್ಲಿ ನಿಂತ ಗಾಳಿಯೇ ಶಾಖ.
ಆಮೇಲೆ ಉಣ್ಣೆ,
ಅಪ್ಪ ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದದ್ದು,
ಮೊಣಕೈಗೆ ಎರಡು ಬಣ್ಣದ ತೇಪೆ.
ಅದರ ಮೇಲೆ ಗಾಳಿ ತಡೆಯುವ ತೆಳುಕೋಟು.
ಎಲ್ಲಿ, ಹಾಕು. ಕೈ ಎತ್ತು. ಇನ್ನೂ ಮೇಲೆ.
ಸೊಂಟ ಬಯಲಾಯಿತು ನೋಡು.
ಅಷ್ಟು ಸಂದು ಸಾಕು ಚಳಿಗೆ, ಅದು ಬಾಗಿಲು ತಟ್ಟುವುದಿಲ್ಲ.

ಕೈಗವಸು ನಾಲ್ಕು ಜೊತೆ.
"ನಾಲ್ಕಾ?"
ಹತ್ತಲು ತೆಳ್ಳನೆಯದು, ನಿಲ್ಲಲು ದಪ್ಪನೆಯದು,
ಒದ್ದೆಯಾದದ್ದು ಎದೆಯೊಳಗೆ, ಬೆಕ್ಕಿನಮರಿಯ ಹಾಗೆ.
ನಾಲ್ಕನೆಯದು
ನೀನು ಕೆಳಗೆ ಬೀಳಿಸುವುದಕ್ಕೆ.
ಬೀಳಿಸುತ್ತೀಯ. ಎಲ್ಲರೂ ಬೀಳಿಸುತ್ತಾರೆ.
ಇಷ್ಟಾದರೂ ಒಂದು ಗಳಿಗೆ ಬಂದೇ ಬರುತ್ತದೆ:
ಮರಗಟ್ಟಿದ ಬೆರಳಿಗೆ ನೆತ್ತರು ವಾಪಸಾಗುವ ಗಳಿಗೆ.
ಹೋಗುವಾಗ ಸದ್ದಿಲ್ಲದೆ ಹೋದದ್ದು
ಬರುವಾಗ ಉಗುರಿನ ಬುಡಕ್ಕೆ ಸೂಜಿ ಹೊತ್ತು ಬರುತ್ತದೆ.
ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ
ಬೇರೆಯವರ ನೋವಿಗೆ ಕೈ ಕೊಟ್ಟವಳು ನಾನು,
ಹೋದ ಫೆಬ್ರವರಿಯಲ್ಲಿ ಹಗ್ಗಕ್ಕೆ ಹಣೆ ಒತ್ತಿ ಅತ್ತೆ.
ಅದಕ್ಕೆ ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ.

ಕೊಡಲಿಯ ಮೂತಿಗೆ ಅರ ಹಾಕಿ ಆಯಿತು.
ಬೂಟಿನ ಉಕ್ಕಿನ ಹಲ್ಲಿಗೂ.
ತಿರುಪು ಗಿಡ್ಡನೆಯವು ಹತ್ತು.
ಉದ್ದನೆಯದೊಂದನ್ನು ಅವನು "ಬೇಡ" ಅನ್ನುವ ಗುಡ್ಡೆಗೆ ಹಾಕಿದ್ದಾನೆ.
"ಇಷ್ಟುದ್ದ ಯಾಕೆ? ಹತ್ತುವಾಗ ಬೇಕಾಗುವುದೇ ಇಲ್ಲ."
ಇಲ್ಲ. ಅದು ಇಳಿಯುವುದಕ್ಕೆ.
ಐಸಿನಲ್ಲಿ ಓರೆಯಾಗಿ ಒಂದು ತೂತು, ಆ ಕಡೆಯಿಂದ ಇನ್ನೊಂದು,
ಒಳಗೆಲ್ಲೋ, ಕಣ್ಣಿಗೆ ಸಿಗದಲ್ಲಿ, ಎರಡೂ ಕೂಡಬೇಕು.
ಹುರಿ ಪೋಣಿಸಿ, ಗಂಟು ಹಾಕಿ,
ಆಮೇಲೆ ಮೈಯ ಭಾರವೆಲ್ಲ ಆ ಗಂಟಿಗೆ.
ಅವನು ಕೊಳವೆಗೆ ಕಣ್ಣಿಟ್ಟು
ಬಹಳ ದೂರದಲ್ಲಿರುವವಳನ್ನು ನೋಡಿದ ಹಾಗೆ ನನ್ನನ್ನು ನೋಡಿದ.
ತೂಗದೆ ಚೀಲಕ್ಕೆ ಹಾಕಿದ.

ರಾತ್ರಿ ಎರಡಕ್ಕೆ ಎಚ್ಚರ. ಸೂರಿನಿಂದ ಟಪ್.
ಮತ್ತೆ ಟಪ್.
ಬೆಟ್ಟದಾಚೆಯಿಂದ ಬೆಚ್ಚನೆ ಗಾಳಿ ಇಳಿದು
ಕಿಟಕಿಯ ಹೊರಗಿನ ಕೆಂಪು ಗೆರೆ ಸೊನ್ನೆ ದಾಟಿತ್ತು.
ಬೆಳಿಗ್ಗೆ ಸೇತುವೆಯ ಮೇಲೆ ನಿಂತು ನೋಡಿದೆವು:
ನಿನ್ನೆ ನೀಲಿಗಟ್ಟಿ ನಿಂತಿದ್ದ ಜಲಪಾತ
ಒಳಗೊಳಗೇ ಹರಿಯತೊಡಗಿತ್ತು,
ಮುಸುಕಿನೊಳಗೆ ಯಾರೋ ಪಿಸುಗುಟ್ಟಿದ ಹಾಗೆ.
"ಹೋಗೋದಿಲ್ವಾ?"
ಇಲ್ಲ.

ಈ ರ್ಯೂಕನ್ನಿಗೆ ಚಳಿಗಾಲದಲ್ಲಿ ಬಿಸಿಲಿಲ್ಲ,
ಗುಡ್ಡದ ಮೇಲಿನ ಕನ್ನಡಿಗಳು
ಪೇಟೆಯ ಚೌಕಕ್ಕೆ ಸಾಕಾಗುವಷ್ಟು ಬಗ್ಗಿಸಿ ಎರೆಯುತ್ತವೆ.
ಅಲ್ಲಿ ಬೆಂಚಿನ ಮೇಲೆ ಕೂತೆವು,
ಬಲೆ, ಉಣ್ಣೆ, ತೆಳುಕೋಟು, ಬಾತುಕೋಳಿ ಎಲ್ಲ ತೊಟ್ಟು,
ಬೆವರುತ್ತ, ಮದುವೆ ಮುರಿದ ದಿಬ್ಬಣದ ಹಾಗೆ.
ಫ್ಲಾಸ್ಕಿನ ಬಿಸಿ ಷರಬತ್ತು, ಏಲಕ್ಕಿ ಬನ್ನು.
ಅಂಚೆಯ ಓಡ್ಲಾಗ್ ಸೈಕಲ್ಲು ನಿಲ್ಲಿಸಿ ಕೇಳಿದಳು,
"ಇಷ್ಟೆಲ್ಲ ಹೊತ್ತು ಎಲ್ಲಿಗೆ?"
"ಇಲ್ಲಿಗೇ" ಅಂದ ಐಲಿಫ್, ಬಾಯ್ತುಂಬ ಬನ್ನು.

ಎದ್ದು ಹೊರಟಾಗ ಬೆಂಚಿನ ಕೆಳಗೆ
ಒಂದು ಕೈಗವಸು ಬಿದ್ದಿತ್ತು.
ನನ್ನದು.