ಏಳನೇ ಸುತ್ತಿನ ಡ್ರ್ಯಾಗನ್

ಲಿಯೆಪಾಯದಲ್ಲಿ ಇರುವುದು ಒಂದೇ ಟ್ರಾಮ್ ದಾರಿ,
ಹೋದರೆ ಅದರಲ್ಲೇ, ಬಂದರೂ ಅದರಲ್ಲೇ.
ಅದನ್ನು ಓಡಿಸುವವರಲ್ಲಿ ಒಬ್ಬ ಓಯಾರ್ಸ್,
ಐವತ್ತಾರರ ಆಳು, ಅಂಗೈಯಲ್ಲಿ ಬ್ರೇಕಿನ ಜಡ್ಡು.
ಗುರುವಾರ ಪಾಳಿ ಮುಗಿಸಿ ಬರುತ್ತಿದ್ದ,
ಬೂಟು ರಿಪೇರಿಯವನ ಹಿಂದಿನ ನಮ್ಮ ಆಟದಂಗಡಿಗೆ.
ಸಮುದ್ರದ ಗಾಳಿಯನ್ನು ಬಾಗಿಲಲ್ಲೇ ಕೊಡವಿ
ಕೋಟಿನ ಜೇಬಿನಿಂದ ತೆಗೆಯುತ್ತಿದ್ದ ಆ ಕಟ್ಟು.

ಕಂಪನಿಯವರೇ ಕಟ್ಟಿಕೊಟ್ಟ ನೂರು ಎಲೆ.
ಪೆಟ್ಟಿಗೆಯ ಮೇಲೆ ಹೊಂಬಣ್ಣದಲ್ಲಿ ‘ಜೌಗಿನ ರಾಣಿ’,
ಒಳಗೆ ಕಪ್ಪೆ, ಭೂತ, ಮುರುಕು ಗೋಪುರ,
ಒಬ್ಬರಿಗೊಬ್ಬರು ಪರಿಚಯವಿಲ್ಲದ
ದೂರದ ನೆಂಟರನ್ನು ಒಂದೇ ಮೇಜಿಗೆ ಕೂರಿಸಿದ ಹಾಗೆ.

ಸೋಲುತ್ತಿದ್ದ. ಚಳಿಗಾಲವಿಡೀ ಸೋತ.
ಸೋಲಲಿಕ್ಕೆ ಎರಡೆರಡು ಗಂಟೆ ಹಿಡಿಯುತ್ತಿತ್ತು.
ನಡುವೆ ಥರ್ಮಾಸಿನ ಚಹಾ ನಮಗೂ ಬಗ್ಗಿಸಿ
‘ಇನ್ನೊಂದು ಸಲ?’ ಅನ್ನುತ್ತಿದ್ದ.

ನನಗಾಗ ಹದಿನೇಳು. ಲೆಕ್ಕ ಬರುತ್ತಿತ್ತು.
ಬೇರೇನೂ ಬರುತ್ತಿರಲಿಲ್ಲ.
‘ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ, ಓಯಾರ್ಸ್?
ಕೊಡಿ ಇಲ್ಲಿ’ ಅಂದೆ. ಮೇಜಿನ ತುಂಬ ಹರವಿದೆ.
ನೆಲ ಸಾಲದು, ಮೂವತ್ತನಾಲ್ಕರ ಮೇಲೆ ಇನ್ನು ಮೂರು ಬೇಕು.
ಈ ಮಂತ್ರ ದುಬಾರಿ; ಅರ್ಧ ಶಕ್ತಿಗೆ ಇದೇ ಕೆಲಸ ಮಾಡುವುದು
ಆ ಡಬ್ಬಿಯಲ್ಲಿದೆ, ಇಪ್ಪತ್ತು ಸೆಂಟು.
ಈ ಕಪ್ಪೆ ಯಾಕೆ? ಗೋಪುರ ಯಾಕೆ?
ಕಿತ್ತೆ, ಕಳೆ ಕಿತ್ತ ಹಾಗೆ.
ಅವನು ನೋಡುತ್ತಿದ್ದ,
ತನ್ನ ಟ್ರಾಮಿನ ಸೀಟುಗಳನ್ನು ಯಾರೋ ಬಿಚ್ಚಿ
ಬೀದಿಗಿಡುತ್ತಿರುವ ಹಾಗೆ.

ಡ್ರ್ಯಾಗನ್ನಿನ ಹತ್ತಿರ ಬಂದಾಗ ಮಾತ್ರ ಕೈ ಅಡ್ಡ ತಂದ.
ಏಳು ಶಕ್ತಿ ಬೇಡುವ ಮುದಿ ಡ್ರ್ಯಾಗನ್,
ಕಣ್ಣಲ್ಲಿ ನಿದ್ದೆ, ರೆಕ್ಕೆಯಲ್ಲಿ ಪಾಚಿ.
‘ಏಳನೇ ಸುತ್ತಿಗೆ ಮುಂಚೆ ಇದು ಬರೋದೇ ಇಲ್ಲ,
ಅಷ್ಟರಲ್ಲಿ ನೀವು ಸತ್ತಿರುತ್ತೀರಿ.’
‘ತಡವಾಗಿ ಬರೋ ಟ್ರಾಮಿಗೂ
ಜನ ಹತ್ತುತ್ತಾರಪ್ಪ’ ಅಂದ.
ನಾನು ನಕ್ಕೆ. ಅವನೂ ನಕ್ಕು, ಎಲೆ ಬಿಟ್ಟುಕೊಟ್ಟ.

ಹದಿನೆಂಟು ಹೊರಗೆ, ಹದಿನೆಂಟು ಒಳಗೆ,
ಖರ್ಚು ಹನ್ನೊಂದು ಯೂರೋ ಮೂವತ್ತು.
ನೂರಕ್ಕೂ ಹೊಸ ಕವರು ತೊಡಿಸಿದೆ;
ಕಲಸಿದರೆ ನೀರು ಸುರಿದ ಸದ್ದು.

ಗೆದ್ದ.
ಮುಂದಿನ ಗುರುವಾರ, ಅದರ ಮುಂದಿನದೂ.
ನಾಲ್ಕನೇ ಸುತ್ತಿಗೆ ರಾಣಿ ಎದ್ದಳೆಂದರೆ
ಐದಕ್ಕೆ ನಾವು ಮೂವರೂ ಮಣ್ಣು ಮುಕ್ಕಿದೆವು.
ಗೆದ್ದವನು ನಾನೇ ಎಂಬಂತೆ ಬೀಗಿದೆ.
ಗುಂಡೆಗಾ ಎಲೆ ಒಟ್ಟುಮಾಡಿ ಶಾಲು ಹೊದ್ದಳು.
ಇಂಗುಸ್ ಫೋನಿಗೆ ತಲೆಕೊಟ್ಟ.
ಗಡಿಯಾರದಲ್ಲಿ ಏಳೂ ಮುಕ್ಕಾಲು.
ಥರ್ಮಾಸಿನ ಮುಚ್ಚಳ ಅರ್ಧ ತಿರುಗಿಸಿದವನು,
ಯಾರನ್ನೂ ಕೇಳದೆ, ಮತ್ತೆ ಬಿಗಿದ.

ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮಾರ್ಚಿನ ಒಂದು ಸಂಜೆ, ಹಿಮ ಕೆಸರಾಗುತ್ತಿತ್ತು.
ನಾಲ್ಕನೇ ಸುತ್ತು. ರಾಣಿ ಏಳಲಿಲ್ಲ.
ಐದು. ಒಂದು ಕಪ್ಪೆ ಇಟ್ಟ.
ನಾನು ಕಿತ್ತ ಕಪ್ಪೆ.
(ಹೇಳಿಕೊಟ್ಟ ಮಾತೂ ಅಷ್ಟೆ, ಎಷ್ಟು ದಿನ.)
ಗುಂಡೆಗಾ ನನ್ನ ಮುಖ ನೋಡಿದಳು. ಆರು. ಗೋಪುರ.
ಏಳಕ್ಕೆ, ನಿಲ್ದಾಣ ಬಂತೆಂದು
ಬ್ರೇಕಿಗೆ ಕೈ ಹೋಗುವಷ್ಟು ನಿಧಾನ,
ಮೇಜಿನ ನಡುವೆ ತಂದಿಟ್ಟ ಆ ಮುದಿಯನ್ನು.
ಮೂಲೆ ಮಡಚಿತ್ತು, ಕವರಿನೊಳಗೂ ಕಾಣುತ್ತಿತ್ತು.

ಅದನ್ನು ಕೊಲ್ಲುವ ಮಂತ್ರ ನನ್ನ ಕೈಯಲ್ಲಿತ್ತು.
ಎರಡೇ ಶಕ್ತಿ.
‘ಏನೂ ಇಲ್ಲ’ ಅಂದೆ,
ಲೋಟ ಮುಂದೆ ಸರಿಸಿದೆ.

ಅವತ್ತು ಅವನು ಸೋತ, ಇಂಗುಸನಿಗೆ,
ಕೊನೆಯ ಟ್ರಾಮು ಹೋಗಿ ಕಾಲು ಗಂಟೆಯ ಮೇಲೆ.
ನಾಲ್ವರೂ ಹಳಿಯ ಗುಂಟ ನಡೆದೆವು,
ಟ್ರಾಮಿನ ಡ್ರೈವರು ಮುಂದೆ, ಖಾಲಿ ಥರ್ಮಾಸು ಬಗಲಲ್ಲಿ,
ಪ್ರತಿ ನಿಲ್ದಾಣದ ಹೆಸರನ್ನೂ
ಜೋರಾಗಿ ಕೂಗುತ್ತ.