ಉಂಡಿ

ಮೊದಲು ಅಳತಿ ಕೇಳಿದೆ.
ನಾಕು ಅಡಿ ಉದ್ದ, ಎರಡು ಅಡಿ ಅಗಲ ಅಂದ್ಲು ತನುಜಾ,
ಗಾಳಿಗೆ ತೂತು ಇರ್ಲಿ ಅಪ್ಪಾ, ಅದರ ಮೂತಿ ತೂರಬಾರದು.
ಮೂವತ್ತು ವರ್ಷದಾಗ ಬಾಗಲಾ, ಚೌಕಟ್ಟು, ದೇವರ ಮಾಡ,
ಕೂಸಿನ ತೊಟ್ಟಲಾ, ಹೆಣದ ಸಿದಗಿ ಸುದ್ದಾ ಮಾಡೀನಿ;
ಹಾವಿಗೆ ಮನಿ ಮಾಡಿದ್ದಿಲ್ಲ.

ಬಾಗಲಕೋಟಿ ಹಳೇ ಊರು ಮುಳುಗೂ ಮುಂದ
ಕಿತ್ತು ತಂದ ಸಾಗವಾನಿ ಹಲಗಿ ಎರಡು
ಇಪ್ಪತ್ತು ವರ್ಷ ಗ್ವಾಡಿಗೆ ಆನಿಸಿ ಇಟ್ಟಿದ್ದೆ,
ಯಾಕಂತ ಕೇಳಿದ್ರ ಹೇಳಾಕ ಬರ್ತಿದ್ದಿಲ್ಲ.
ರಂದಾ ಹೊಡದೆ. ಮೊಳಿ ಕಿತ್ತ ತೂತಿನ್ಯಾಗ
ಇನ್ನೂ ಹಳೇ ಮನಿ ಮಣ್ಣಿತ್ತು.
ಸರಿಸೂ ಗಾಜು, ಹಿತ್ತಾಳಿ ಚಿಲಕ.
ವಾಸ್ತು ನೋಡೀರೇನು, ಕೇಳಿದ ಬಾಜೂ ಮನಿ ಈರಸಂಗಪ್ಪ.
ಪೂರ್ವಕ್ಕ ಪ್ಲಗ್ ಐತ್ರಿ ಅಂದೆ.

ಕಾಗದಪತ್ರ ಸಮೇತ ಪುಣೆದಿಂದ ಬಂತು,
ಅರಿವಿ ಚೀಲದಾಗ ಒಂದು ಗಂಟು.
ಕರೀ ಮೈ, ಮ್ಯಾಲ ಬೆಲ್ಲದ ಬಣ್ಣದ ಮಚ್ಚಿ.
ಆಫ್ರಿಕಾದ ಅರಸು ಹೆಬ್ಬಾವಂತ.
ಅರಸಿಗೆ ಅಂಜಿಕಿ ಭಾಳ. ಮುಟ್ಟಿದ್ರ ಸಾಕು,
ತಲಿ ನಡುವ ಇಟಗೊಂಡು ದುಂಡಗ ಸುತ್ತತೈತಿ
ಪಂಚಮಿ ಶೇಂಗಾ ಉಂಡಿ ಹಂಗ.
ಅದs ಹೆಸರಾತು.

ಒಂದು ಮೂಲಿ ಬೆಚ್ಚಗ, ಮೂವತ್ತೆರಡು ಡಿಗ್ರಿ.
ಇನ್ನೊಂದು ತಂಪು, ಇಪ್ಪತ್ತಾರು.
ಡಿಸೆಂಬರ್ ಥಂಡ್ಯಾಗ ಕರೆಂಟ್ ಹೋದ್ರ
ಬಿಸಿನೀರಿನ ಬಾಟ್ಲಿಗೆ ನನ್ನ ಮಫ್ಲರ್ ಸುತ್ತಿ ಒಳಗಿಡಾಕಿ.
ಉಣ್ಣಾಕ ವಾರಕ್ಕೊಂದು ಇಲಿ,
ಸತ್ತದ್ದು, ಬರ್ಫ ಆದದ್ದು.
ನನ್ನ ಫ್ರಿಜ್ಜಿನ್ಯಾಗ? ಅಂದ್ಲು ನನ್ನಾಕಿ ಗಂಗೂ,
ಮಸರಿನ ಗಡಿಗಿ ಬಾಜೂಕ? ಮೂರು ದಿನ ಮಾತು ಬಿಟ್ಲು.
ಗುಜರಿಯಿಂದ ಐಸ್‌ಕ್ರೀಮ್ ಪೆಟ್ಟಿಗಿ ತಂದು ಅಂಗಡ್ಯಾಗ ಇಟ್ಟೆ;
ಅದರ ಮ್ಯಾಲ ಇವತ್ತಿಗೂ ಮಾವಿನ ಕುಲ್ಫಿ ಚಿತ್ರ ಐತಿ.

ಬೆಚ್ಚನ ನೀರಾಗ ಕರಗಿಸಿ, ಇಕ್ಕಳದಾಗ ಹಿಡದು
ಮೂತಿ ಮುಂದ ಸಾವಕಾಶ ಅಲ್ಲಾಡಿಸಿದ್ಲು.
ಉಂಡಿ ನೋಡ್ತು. ನಾಲಿಗಿ ಚಾಚ್ತು. ಮಕಾ ತಿರುವ್ತು.
ಒಂದು ವಾರ. ಮೂರು. ಐದು.
ಕಾಲೇಜಿಂದ ಬಂದಾಕಿ ಚಪ್ಪಲಿ ಬಿಡೂದ್ರಾಗ
ಗಾಜಿಗೆ ಹಣಿ ಹಚ್ಚಿ ಕೇಳ್ತಿದ್ಲು:
ಉಂಡಿ, ಉಂಡೀ?
ಕಸ್ತೂರಕ್ಕ ಬಟ್ಟಲದಾಗ ಹಾಲು ತಂದ್ಲು.
ಇದು ಹಾಲು ಕುಡಿಯೂದಿಲ್ಲ ಅಂದ್ರ
ವಾಪಸ್ ಒಯ್ಯಬಾರದಂತ ಅದರಾಗ ಚಾ ಮಾಡಿಸಿ ಕುಡದು ಹೋದ್ಲು.

ಒಂದು ರಾತ್ರಿ ನಿದ್ದಿ ಬರಲಾರದ ಗಾಜಿನ ಮುಂದ ಕುಂತೆ.
ನಾ ಕಟ್ಟಿದ ಮನಿ; ಒಂದು ಸಂದು ಕಾಣೂದಿಲ್ಲ.
ನಡುವ ಬಯಲು. ಮೂಲ್ಯಾಗ ಅದು,
ಎರಡೂ ಗ್ವಾಡಿಗೆ ಬೆನ್ನು ಆನಿಸಿ.

ನವನಗರಕ್ಕ ಬಂದ ಹೊಸದಾಗಿ ನಮ್ಮವ್ವ ಹಿಂಗs.
ಓಣಿ ಇಲ್ಲ, ಸೆಕ್ಟರ್. ದೊಡ್ಡ ಹಾಲ್, ನಾಕು ಕಿಡಕಿ.
ತಾಟಿನ ಮುಂದ ಕುಂತು ರೊಟ್ಟಿ ಮುರದು ಮುರದು ಇಟ್ಟು ಏಳಾಕಿ.
ನೀರು ಬದಲಾಗೈತಿ ಅಂದ ಡಾಕ್ಟರ್.
ಆಮ್ಯಾಲ ಒಂದಿನ ಜ್ವಾಳದ ಚೀಲಾ ಎರಡರ ನಡುವ
ಚಾಪಿ ಹಾಸಿಕೊಂಡು, ಅಲ್ಲೇ ತಾಟು ತರಿಸಿ ಉಂಡ್ಲು.
ಹಾಲಿನ್ಯಾಗ ಉಣ್ಣಾಕ ಸಾಯೂ ತನಕ ಬರಲಿಲ್ಲ.

ಎದ್ದೆ. ಬಾಯಿ ಒಡದ ಗಡಿಗಿ ಹುಡುಕಿದೆ,
ಅಂಚು ಉಜ್ಜಿ, ಬೆಚ್ಚನ ಮೂಲ್ಯಾಗ ಬೋರಲ ಹಾಕಿದೆ.
ಮೈಗೆ ಎಲ್ಲಾ ಕಡೆ ತಾಗೂವಷ್ಟು ಇಕ್ಕಟ್ಟು.
ಗಾಜಿಗೆ ಗಂಗೂನ ಗುಳೇದಗುಡ್ಡ ಖಣ ಇಳಿಬಿಟ್ಟೆ, ಕೇಳಲಿಲ್ಲ.
ಬೆಳಗಾಗೂದ್ರಾಗ ಒಳಗ ಸೇರಿತ್ತು,
ಬಾಯಾಗ ಮೂತಿ ಅಷ್ಟs.

ಎಂಟು ದಿನ ಯಾರೂ ಮುಟ್ಟಬ್ಯಾಡ್ರಿ ಅಂದ್ಲು ತನುಜಾ.
ಒಂಬತ್ತನೇ ರಾತ್ರಿ ದೀಪಾ ಆರಿಸಿ ಇಕ್ಕಳ ಚಾಚಿದ್ಲು.
ನನಗೇನೂ ಕಾಣಲಿಲ್ಲ;
ಗಡಿಗಿ ಹಲಗಿಗೆ ಬಡದ ಸಪ್ಪಳ, ಒಂದs ಸಲ.
ಒಳಗಿನ ಖೋಲಿಯಿಂದ ಗಂಗೂ, ನಿದ್ದಿಗಣ್ಣಾಗ:
ಉಂಡೀ?
ತನುಜಾ ತುಟಿ ಮ್ಯಾಲ ಬಟ್ಟ ಇಟ್ಲು.
ಗಡಿಗಿ ಅಂಚು ಇನ್ನೊಂದೀಟು ಉಜ್ಜಬೇಕಿತ್ತು
ಅನಕೋತ ನಾ ಕತ್ತಲದಾಗ ಕುಂತೆ.