ಬನಹಟ್ಟಿ, ರಾತ್ರಿ ಪಾಳಿ

ಕರೆಂಟ್ ಹೋದದ್ದು ಇಲ್ಲಿ ಮೊದಲ ಕಿವಿಗೆ ತಿಳೀತೈತಿ:
ಮಗ್ಗ ಎಲ್ಲಾ ಬಾಯಿ ಮುಚ್ಚತಾವ,
ಸುಮ್ಮನಾದ ಓಣಿ ನನ್ನ ಎಬ್ಬಸ್ತೈತಿ.

ಸೊಸೈಟಿ ಹಿಂದಿನ ಖೋಲ್ಯಾಗ ಯುಪಿಎಸ್ ಚೀರಾಕತ್ತೈತಿ.
ಬ್ಯಾಟರಿ ನಾಕು. ಒಂದಕ್ಕ ವಯಸ್ಸಾಗೈತಿ,
ಉಳಿದ ಮೂರು ಅದನ್ನ ಹೊತಗೊಂಡು ನಡದಾವ.
ಐತವಾರ ನೀರು ಕುಡಿಸೀನಿ,
ತೂತು ಬಿದ್ದ ಈ ಪ್ಯಾಂಟೇ ಸಾಕ್ಷಿ.

ಫ್ಯಾನ್ ಬಂದ್ ಮಾಡಿದೆ, ಮಾನಿಟರ್ ಬಂದ್ ಮಾಡಿದೆ,
ನನ್ನ ಫೋನಿನ ವೈರನ್ನೂ ಕಿತ್ತೆ.
ಕತ್ತಲದಾಗ ಹಸರ ದೀಪ ಒಂದ ಮಿಣಕತೈತಿ.
ಅದರೊಳಗ ಚಂಪವ್ವ ಹಟಗಾರಳ ಕಡೀ ಕಂತು ಐತಿ;
ಎರಡ ಸಲ ಎಣಿಸಿ ಸಂಜೀಕ ಕಟ್ಟಿ
ಸೆರಗು ಕೊಡವಿ ಹೋಗ್ಯಾಳ.
ಇನ್ನೂ ಎಲ್ಲೂ ನಕಲಾಗಿಲ್ಲ.

ಮೂರೂ ಹತ್ತಕ್ಕ ದೂರ ಒಂದು ಲಾಳಿ ಕೆಮ್ಮಿತು.
ಆಮ್ಯಾಲ ಇನ್ನೊಂದು.
ಊರಿಗೆ ಊರೇ ಖಟಖಟ ಅನ್ನಾಕ ಹತ್ತಿತು.

ಇನ್ನ ನಿದ್ದಿ ಬರ್ತೈತಿ ನನಗ.